ಸಸ್ಪೆನ್ಶನ್ ಪ್ರಕರಣ

ದೀಪಾವಳಿಯ ಸೂಟಿಗೆ ಇನ್ನೂ ನಾಲ್ಕು ದಿನಗಳಿರುವಾಗಲೇ ಆಡೂರಿನ ನಮ್ಮ ಮನೆಯಲ್ಲಿ ಅಳು ಆರಂಭವಾಯಿತು. ಅತ್ತವಳು ನಮ್ಮ ಅವ್ವ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಫೋನಿನಲ್ಲಿ ಆಡಿದ ಮಾತು ಅಡಿಗೆಮನೆಯ ಬಾಗಿಲವರೆಗೂ ಕೇಳಿಸಿತ್ತು.

"ಮಾಮಾ, ಸೂಟಿಗೆ ಆಡೂರಿಗೆ ಬರ್ತೀನಿ. ಸಸ್ಪೆನ್ಶನ್ ವಿಷಯ ಬಂದ ಮ್ಯಾಲೆ ಹೇಳ್ತೀನಿ. ಅಪ್ಪಾಗ ಮಾತ್ರ ಹೇಳಬ್ಯಾಡ."

"ಹುಡುಗನ್ನ ಕಾಲೇಜಿನ್ಯಾಗಿಂದ ಹೊರಗ ಹಾಕ್ಯಾರ. ನೀವೆಲ್ಲಾ ಕೂಡಿ ನನ್ನ ಮುಂದ ಮುಚ್ಚಿಡ್ತೀರಿ!" ಎಂದು ಅವ್ವ ಸೆರಗಿನಿಂದ ಕಣ್ಣೊರಸಿಕೊಂಡಳು. ಅವಳ ತಪ್ಪೇನೂ ಇಲ್ಲ. ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿರುವ ನನಗೂ ಆ ಶಬ್ದದ ಅರ್ಥ ಅದೊಂದೇ ಎಂಬಂತಾಗಿದೆ. ಪತ್ರಿಕೆಗಳು ಅದನ್ನು 'ಅಮಾನತು' ಎಂದು ಅನುವಾದಿಸುತ್ತವೆ. ಗ್ಯಾರೇಜಿನ ಮಿಸ್ತ್ರಿಗಳು ಅನುವಾದದ ಗೊಡವೆಗೇ ಹೋಗದೆ 'ಸಸ್ಪೆನ್ಶನ್' ಎಂದೇ ಇಟ್ಟುಕೊಂಡಿದ್ದಾರೆ. ಈ ವಿಷಯದಲ್ಲಿ ಮಿಸ್ತ್ರಿಗಳೇ ಹೆಚ್ಚು ವಿವೇಕಿಗಳೆಂದು ನನ್ನ ಅಭಿಪ್ರಾಯ.

ಹುಡುಗ ಬಂದನು. ಅವನ ಹಿಂದೆ ಬಸ್ಸಿನಿಂದ ಇಳಿದದ್ದು ಎತ್ತಲಾರದಷ್ಟು ಭಾರದ ಒಂದು ರಟ್ಟಿನ ಪೆಟ್ಟಿಗೆ. ಬಿಚ್ಚಿ ನೋಡಿದರೆ ಬಣ್ಣಬಣ್ಣದ ಸ್ಪ್ರಿಂಗುಗಳು, ಮೈತುಂಬ ತಿರುಪಿನ ಸುತ್ತುಗಳಿರುವ ಶಾಕ್ ಅಬ್ಸಾರ್ಬರುಗಳು. ಇದಕ್ಕೆ ಕಾಯಿಲೋವರ್ ಎಂದು ಹೆಸರಂತೆ. ತಿರುಪಿನ ಮೇಲೆ ಬಳೆಗಳಂತಹ ಎರಡು ಉಂಗುರಗಳಿವೆ. ಮೇಲಿನದು ಸ್ಪ್ರಿಂಗಿನ ಪೀಠ. ಕೆಳಗಿನದು ಅದಕ್ಕೆ ಬೀಗ. ಪೀಠವನ್ನು ಮೇಲಕ್ಕೆ ತಿರುಗಿಸಿದರೆ ಕಾರು ಏರುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ತುದಿಯಲ್ಲಿರುವ ಗುಂಡಿಯನ್ನು ಟಿಕ್ ಟಿಕ್ ಎಂದು ತಿರುಗಿಸಿದರೆ ಒಳಗಿನ ಎಣ್ಣೆ ಹರಿಯುವ ದಾರಿ ಕಿರಿದಾಗಿ ಶಾಕ್ ಅಬ್ಸಾರ್ಬರು ಬಿಗಿಯಾಗುತ್ತದೆ. ಬೆಂಗಳೂರಿನ ಗೆಳೆಯನೊಬ್ಬನಿಂದ ಇದನ್ನು ಎರಡನೆಯ ಕೈಯಿಂದ ಕೊಂಡದ್ದು. ಕೊಂಡ ಹಣವಾದರೋ ಲ್ಯಾಪ್‌ಟಾಪಿಗೆಂದು ಭಾವನವರು ಕೊಟ್ಟದ್ದು. ತೊಡಿಸಬೇಕಾದದ್ದು ನನ್ನ ಹಳೆಯ ಸಣ್ಣ ಕಾರಿಗೆ.

ನನಗೆ ಕೋಪ ಬಂದಿತು. ಹುಬ್ಬಳ್ಳಿಯ ರಸ್ತೆಗಳಲ್ಲಿ ನೆಲಕ್ಕೆ ಹೊಟ್ಟೆ ಸವರುತ್ತ ಹೋಗುವ ತರುಣರ ಕಾರುಗಳನ್ನು ನಾನು ನೋಡಿಲ್ಲದವನಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಗೊತ್ತುಮಾಡಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಇದನ್ನೆಲ್ಲ ನಾನು ತರಗತಿಯ ಧ್ವನಿಯಲ್ಲಿ ಹೇಳಿದೆನು. "ನೀ ತಿಳಕೊಂಡಂಗಲ್ಲ ಮಾಮಾ," ಎಂದಷ್ಟೇ ಹೇಳಿ ಅವನು ತಲೆ ತಗ್ಗಿಸಿದನು. ಕಡೆಗೆ ಒಪ್ಪಂದವಾಯಿತು: ಏನನ್ನೂ ಕೊಯ್ಯಬಾರದು, ಬೆಸೆಯಬಾರದು, ಬಿಚ್ಚಿದ್ದೆಲ್ಲವನ್ನೂ ಗೋಣಿಚೀಲದ ಮೇಲೆ ಕ್ರಮವಾಗಿ ಇಡಬೇಕು, ನನ್ನ ಮನಸ್ಸಿಗೆ ಬಾರದಿದ್ದರೆ ಮತ್ತೆ ಹಳೆಯದನ್ನೇ ತೊಡಿಸಬೇಕು.

ಆಡೂರು ಎಂದರೆ ನನ್ನಂತಹವನಿಗೆ ಮೊದಲು ನೆನಪಾಗುವುದು ಚಾಲುಕ್ಯ ಕೀರ್ತಿವರ್ಮನ ಶಾಸನ. ಕಲ್ಲನ್ನು ಕದಲಿಸುವ ಮೊದಲು ಪಾಠವನ್ನು ಎತ್ತಿಕೊಳ್ಳಬೇಕೆಂಬುದು ಶಾಸನ ಓದುವವರ ನಿಯಮ. ಆದ್ದರಿಂದ ನಟ್ಟಿಗೆ ಪಾನಾ ಹಚ್ಚುವ ಮೊದಲು ಅಳತೆಯಾಗಲಿ ಎಂದೆನು. ಪ್ರತಿ ಗಾಲಿಯ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟು ಮಿಲಿಮೀಟರು ಎಂದು ಬರೆದುಕೊಳ್ಳುವುದು. ಟೈರಿನಲ್ಲಿ ಗಾಳಿ ಹೆಚ್ಚುಕಡಿಮೆಯಾದರೂ ಈ ಅಳತೆ ಕೆಡುವುದಿಲ್ಲ. ಆದರೆ ಕಾರು ಸಮನೆಲದ ಮೇಲೆ ನಿಂತಿರಬೇಕು. ನಮ್ಮ ಅಂಗಳ ನೋಡಲಿಕ್ಕೆ ಅಂಗೈಯಂತಿದೆ. ಗೌಂಡಿಯಿಂದ ನೀರು ತುಂಬಿದ ಪಾರದರ್ಶಕ ನಳಿಗೆಯನ್ನು ತಂದು ಹಿಡಿದು ನೋಡಿದರೆ, ತುಳಸಿಕಟ್ಟೆಯ ಕಡೆಗೆ ಪೂರ್ತಿ 3 ಸೆಂಟಿಮೀಟರು ಇಳಿಜಾರು! ಮೂವತ್ತೈದು ವರ್ಷ ನಾನು ಆಡಿ ಬೆಳೆದ ಅಂಗಳವಿದು. ತಗ್ಗಿನ ಕಡೆಯ ಗಾಲಿಗಳ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿದೆವು.

ಇಷ್ಟರಲ್ಲಿ ಓಣಿಯ ಡ್ರೈವರ್ ಕಾಕಾ ಬಂದು ಕಟ್ಟೆಯ ಮೇಲೆ ಕುಳಿತರು. ಎಷ್ಟೋ ವರ್ಷ ಬಾಡಿಗೆಯ ಅಂಬಾಸಿಡರ್ ಓಡಿಸಿದವರು. ಬಂಗಾಳದ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ತಯಾರಾಗುತ್ತಿದ್ದ ಆ ಕಾರಿನ ಮುಂಭಾಗಕ್ಕೆ ಸುರುಳಿಯ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಉಕ್ಕಿನ ಸರಳುಗಳಿದ್ದವು. ಸರಳಿನ ತುದಿಯ ಹಲ್ಲುಗಳನ್ನು ಸರಿಸಿ ಕೂಡಿಸಿ ಕುಸಿದ ಮೂತಿಯನ್ನು ಮೇಲೆತ್ತುತ್ತಿದ್ದರು. "ನಿಮ್ಮ ಹೊಸ ಪೆಟಿಗ್ಯಾಗ ಇರೋದು ಅದ ವಿದ್ಯಾ, ತಮ್ಮಾ. ಅಂಗಿ ಬ್ಯಾರೆ," ಎಂದರು ಕಾಕಾ. ಅವರ ಸಲಹೆಯ ಮೇರೆಗೆ ಹಿಂದಿನ ಸೀಟು ಮಡಚಿ, 75 ಕಿಲೋದ ಎರಡು ಭತ್ತದ ಚೀಲಗಳನ್ನು ಹಿಂದಿನ ಅಚ್ಚಿನ ಮೇಲೆಯೇ ಬರುವಂತೆ ಇಟ್ಟು ಇನ್ನೊಮ್ಮೆ ಅಳೆದೆವು. ಕಾರಿನ ಹಿಂಭಾಗ 38 ಮಿಲಿಮೀಟರು ಕುಸಿದಿತ್ತು. ಈ ಅಂಕಿಯ ಉಪಯೋಗ ಆಗ ನಮಗೆ ತಿಳಿಯಲಿಲ್ಲ.

ಬಿಚ್ಚುವ ಕೆಲಸವನ್ನು ವಿಸ್ತರಿಸುವುದಿಲ್ಲ. ಎರಡು ಮಾತುಗಳನ್ನಷ್ಟೇ ಹೇಳದೆ ಬಿಡಲಾರೆ. ಜಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಕಾರಿನ ಕೆಳಗೆ ಕೈ ಹಾಕುವ ಮೊದಲು ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಡಲೇಬೇಕು. ಇಟ್ಟಿಗೆ ಸೂಚನೆ ಕೊಡದೆ ಒಡೆಯುತ್ತದೆ. ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡೇ ಹೂತುಹೋಗುತ್ತದೆ, ಕೆಳಗೆ ದಪ್ಪ ಹಲಗೆ ಬೇಕು. ನೆಲದ ಮೇಲಿರುವ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಅಡ್ಡಗಟ್ಟೆ ಇಡಬೇಕು. ಎರಡನೆಯದು, ಮುಂದಿನ ಹಳೆಯ ಸ್ಟ್ರಟ್ಟಿನ ಒಳಗೆ ಸ್ಪ್ರಿಂಗು ಒತ್ತಡದಲ್ಲಿ ಸೆರೆಯಾಗಿರುತ್ತದೆ. ಅದನ್ನು ಇಡಿಯಾಗಿ ಹೊರತೆಗೆಯಬಹುದು. ಸ್ಪ್ರಿಂಗು ಅದುಮುವ ಸಾಧನವಿಲ್ಲದೆ ದಂಡದ ನೆತ್ತಿಯ ನಟ್ಟನ್ನು ಬಿಚ್ಚಿದರೆ ಸ್ಪ್ರಿಂಗು ಗುಂಡಿನಂತೆ ಹಾರಿ ಮನುಷ್ಯನ ಮುಖ ಒಡೆದೀತು. ಹುಡುಗನಿಗೆ ಇದು ಗೊತ್ತಿತ್ತು. ಬ್ರೇಕಿನ ರಬ್ಬರು ನಳಿಗೆಯನ್ನು ಮೊದಲು ಬಿಡಿಸಿ, ಗಾಲಿಯ ಗುಂಬದ ಭಾರ ಅದರ ಮೇಲೆ ಬೀಳದಂತೆ ತಂತಿಯಿಂದ ತೂಗುಹಾಕಿದನು; ಹಳೆಯ ಬೋಲ್ಟುಗಳು ಕೂತಿದ್ದ ಜಾಗಕ್ಕೆ ಅವ್ವನ ಸುಣ್ಣದ ಡಬ್ಬಿಯಿಂದಲೇ ಗುರುತು ಹಾಕಿದನು. ಅವನ ಕೈಗಳು ಅವನ ಮಾತಿಗಿಂತ ಪ್ರಬುದ್ಧವಾಗಿವೆಯೆಂದು ಆಗ ನನಗೆ ತೋರಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಕೂತವು. ತೊಡಿಸುವುದು ಅಲ್ಲಿಗೆ ಮುಗಿಯಿತು. ಹೊಂದಿಸುವುದು ಅಲ್ಲಿಂದ ಆರಂಭವಾಯಿತು. ಹುಡುಗನು ಹೆಡ್‌ಲೈಟಿನಷ್ಟು ಬೆಳಕಿನ ಟಾರ್ಚು ಹಿಡಿದು ಗುಂಡಿಗಳನ್ನು ಒಂದೊಂದೇ ಟಿಕ್ ಎಣಿಸುತ್ತ ತಿರುಗಿಸುತ್ತಿದ್ದನು: ಬಿಗಿಯ ಕಡೆಗಲ್ಲ, ಸಡಿಲದ ಕಡೆಗೆ. ಎತ್ತರವನ್ನೂ ಇಳಿಸಿರಲಿಲ್ಲ; ಹಳೆಯ ಅಳತೆಗೇ ತಂದು ನಿಲ್ಲಿಸಿದ್ದನು.

"ಇಷ್ಟ ಸಡಿಲ ಯಾಕೋ?"

"ಅಮ್ಮಗ ಧಕ್ಕಿ ಹತ್ತಬಾರ್ದು, ಮಾಮಾ."

ನಮ್ಮ ಸೀಮೆಯಲ್ಲಿ ಮೊಮ್ಮಕ್ಕಳು ಅಜ್ಜಿಯನ್ನು ಅಮ್ಮ ಎನ್ನುತ್ತಾರೆ. ಕಳೆದ ವರ್ಷ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಅವ್ವನ ಬೆನ್ನಿನ ಒಂದು ಮಣಿ ಕುಸಿದಿದೆ. ತಿಂಗಳಿಗೊಮ್ಮೆ ಹುಬ್ಬಳ್ಳಿಯ ಡಾಕ್ಟರರ ಬಳಿಗೆ ಹೋಗಬೇಕು. ಆ ಮಳೆಗಾಲದಲ್ಲಿ ಮರಳಿ ಬರುವಾಗ ಹುಡುಗನೇ ಕಾರು ನಡೆಸಿದ್ದನು. ಕತ್ತಲಲ್ಲಿ ಬಣ್ಣವಿಲ್ಲದ ಒಂದು ಉಬ್ಬು ಕಾಣಲಿಲ್ಲ. "ಶಿವಾ!" ಎಂದು ಅವ್ವ ಕೂಗಿದ ಕೂಗು ನನಗೆ ಮರೆತುಹೋಗಿತ್ತು. ಅವನಿಗೆ ಮರೆತಿರಲಿಲ್ಲ.

ಉಬ್ಬುಗಳ ಮಾತು ಬಂದುದರಿಂದ ಒಂದು ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕ್ರಮದಂತೆ ಉಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕು; ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟುವಂತಿರಬೇಕು. 2.4 ಮೀಟರು ಅಂತರದ ಗಾಲಿಗಳುಳ್ಳ ಕಾರು ಅದರ ನೆತ್ತಿಯ ಮೇಲಿರುವಾಗ ಗಾಲಿಗಳೂ ಉಬ್ಬಿನ ಮೇಲೆಯೇ ಇರುವುದರಿಂದ ಹೊಟ್ಟೆಯ ಕೆಳಗಿನ ಜಾಗ ಸುಮಾರು 4 ಸೆಂಟಿಮೀಟರು ಮಾತ್ರ ಕಡಿಮೆಯಾಗುತ್ತದೆ. ಮನೆಯೆದುರಿಗೆ ಯಾರೋ ರಾತ್ರೋರಾತ್ರಿ ಕಾಂಕ್ರೀಟು ಸುರಿದು ಕಟ್ಟಿದ ಒಂದು ಗೇಣಿನ ದಿಂಡಾದರೆ ತನ್ನ ಎತ್ತರವನ್ನೆಲ್ಲ ನುಂಗುತ್ತದೆ. ಗಾಲಿಯನ್ನು ಎತ್ತುವುದಿಲ್ಲ, ಗುದ್ದುತ್ತದೆ.

ಮರುದಿನ ಹಾನಗಲ್ಲಿನ ಕಡೆಗೆ ಹೊರಟೆವು. ಅವ್ವ ಹಿಂದೆ ಕುಳಿತಳು. ಕೆರೆಯ ಏರಿ ದಾಟುವಷ್ಟರಲ್ಲಿ ನನಗೆ ಸಂದೇಹ ಬಂದಿತು. ಅವ್ವ ಏನೂ ಹೇಳಲಿಲ್ಲ. ನಮ್ಮ ಅವ್ವ ಏನೂ ಹೇಳದಿರುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಹಿಂದಿರುಗಿ ನೋಡಿದರೆ ಎರಡೂ ಕೈಗಳಿಂದ ಹಿಡಿಕೆಯನ್ನು ಹಿಡಿದು, ಸೀಟಿನಿಂದ ಮೈಯನ್ನು ಎತ್ತಿಹಿಡಿಯಲು ಯತ್ನಿಸುತ್ತಿದ್ದಳು. "ಚಲೋ ಐತಿ, ಚಲೋ ಐತಿ," ಎಂದಳು. ಮೊಮ್ಮಗನ ಮುಖವನ್ನು ಕನ್ನಡಿಯಲ್ಲಿ ಅವಳೂ ನೋಡಿರಬೇಕು. ಅಲ್ಲಿಂದಲೇ ಕಾರು ತಿರುಗಿಸಿದೆವು.

ಮತ್ತೆ ಅಂಗಳ, ಮತ್ತೆ ಭತ್ತದ ಚೀಲ. ಅದೇ ಎರಡು ಚೀಲಗಳಿಗೆ ಈಗ ಕಾರು ಕುಸಿದದ್ದು 19 ಮಿಲಿಮೀಟರು. ಹಳೆಯದರ ಸರಿಯಾಗಿ ಅರ್ಧ. ಎಂದರೆ ಹೊಸ ಸ್ಪ್ರಿಂಗು ಇಮ್ಮಡಿ ಗಡಸು. ಹುಡುಗ ಹಟ ಬಿಡಲಿಲ್ಲ. ಪೀಠವನ್ನು ಕೆಳಗಿಳಿಸಿ ಸ್ಪ್ರಿಂಗಿನ ಮೊದಲ ಒತ್ತಡವನ್ನು ಕಡಿಮೆ ಮಾಡಿದರೆ ಮೆತ್ತಗಾದೀತು ಎಂದನು. ಬಹಳ ಜನ ಹೀಗೆಯೇ ತಿಳಿದಿದ್ದಾರಂತೆ. ಅದಾಗುವುದಿಲ್ಲ. ತೂಕದ ಸ್ಪ್ರಿಂಗು ತಕ್ಕಡಿಯನ್ನು ಮೇಲಿನ ಗೂಟಕ್ಕೆ ತೂಗುಹಾಕಿದರೂ ಕೆಳಗಿನ ಗೂಟಕ್ಕೆ ತೂಗುಹಾಕಿದರೂ ಒಂದು ಕಿಲೋ ಬದನೆಕಾಯಿಗೆ ಮುಳ್ಳು ಇಳಿಯುವುದು ಅಷ್ಟೇ. ಪೀಠ ಸರಿಸಿದರೆ ಕಾರಿನ ಎತ್ತರ ಬದಲಾಗುತ್ತದೆ; ಸ್ಪ್ರಿಂಗಿನ ಗುಣ ಅದರ ತಂತಿಯ ದಪ್ಪದಲ್ಲಿ, ಸುರುಳಿಯ ಅಗಲದಲ್ಲಿ, ಸುತ್ತುಗಳ ಎಣಿಕೆಯಲ್ಲಿ ಹುಟ್ಟುವಾಗಲೇ ನಿಶ್ಚಯವಾಗಿರುತ್ತದೆ. ಗುಂಡಿ ತಿರುಗಿಸಿ ಶಾಕ್ ಅಬ್ಸಾರ್ಬರನ್ನು ಇನ್ನೂ ಸಡಿಲಿಸಿದರೂ ಪ್ರಯೋಜನವಿಲ್ಲ. ಸ್ಪ್ರಿಂಗು ಭಾರ ಹೊರುವುದು. ಶಾಕ್ ಅಬ್ಸಾರ್ಬರು ತೊಟ್ಟಿಲನ್ನು ಹಿಡಿದು ನಿಲ್ಲಿಸುವ ತಾಯಿಯ ಕೈಯಂತೆ ತೂಗಾಟವನ್ನು ತಡೆಯುವುದು. ಬಿರುಸಿನ ತೊಟ್ಟಿಲಿಗೆ ದುರ್ಬಲ ಕೈಯಾದರೆ ಕೂಸು ಎರಡು ಸಲ ಅಳಬೇಕಾಗುತ್ತದೆ. ಈ ಸಾಮಗ್ರಿ ತಿರುವುಗಳಲ್ಲಿ ವೇಗವಾಗಿ ಓಡಿಸುವವರಿಗೆಂದು ಮಾಡಿದ್ದು. ಅದರ ಅತ್ಯಂತ ಮೃದು ಸ್ಥಿತಿಯೂ ಅವರ ಮೃದು, ಬೆನ್ನಮಣಿ ಕುಸಿದವರದಲ್ಲ.

ಹುಡುಗನು ಪಾನಾ ಕೆಳಗಿಟ್ಟು ಸುಮ್ಮನೆ ಕುಳಿತನು. ಲ್ಯಾಪ್‌ಟಾಪಿನ ಹಣ ಹೋದದ್ದಕ್ಕಿಂತ ಅವನ ಆ ಮೌನ ನನಗೆ ಹೆಚ್ಚು ಕಷ್ಟವಾಯಿತು.

ಕಾಕಾ ಮಾತ್ರ ಗೋಣಿಚೀಲದ ಬಳಿ ಕುಳಿತು ಹಳೆಯ ಸಾಮಾನುಗಳನ್ನು ತಿರುವಿ ನೋಡುತ್ತಿದ್ದರು. ಹಿಂದಿನ ಗಾಲಿಯ ಹಳೆಯ ಶಾಕ್ ಅಬ್ಸಾರ್ಬರನ್ನು ನೆಲಕ್ಕೂರಿ ಅಂಗೈಯಿಂದ ಒತ್ತಿದರು. ದಂಡ ಬೆಣ್ಣೆಯಲ್ಲಿಳಿದಂತೆ ಒಳಗಿಳಿಯಿತು. ಮೈಮೇಲೆ ಎಣ್ಣೆ ಸೋರಿ ಧೂಳು ಮೆತ್ತಿತ್ತು.

"ಈ ಶಾಕಪ್ಸರ್ ಸತ್ತು ಯಾವ ಕಾಲಾತೋ! ಸ್ಪ್ರಿಂಗಿಂದೇನ ತಪ್ಪೈತಿ, ತಮ್ಮಾ? ಗಾಲ್ಯಾಗ ಗಾಳಿ ಎಷ್ಟ ಹಾಕ್ತಿ?"

"40 ಪಾಯಿಂಟು," ಎಂದೆನು. ಬಾಗಿಲ ಸಂದಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಅದಕ್ಕಿಂತ ಬಹಳ ಕಡಿಮೆ ಬರೆದಿದೆ. ಗಾಳಿ ಬಿಗಿಯಿದ್ದರೆ ಪೆಟ್ರೋಲು ಉಳಿಯುತ್ತದೆಂದು ಯಾರೋ ಹೇಳಿದ್ದನ್ನು ನಾನು ನಂಬಿದ್ದೆನು. ತಿಂಗಳಿಗೆ ನಾಲ್ಕಾರು ರೂಪಾಯಿಗಳನ್ನು ಉಳಿಸಲು ನಾನು ಅವ್ವನ ಬೆನ್ನಿನ ಕೆಳಗೆ ಕಲ್ಲಿನಂತಹ ಟೈರುಗಳನ್ನು ಇಟ್ಟುಕೊಂಡು ವರ್ಷವಿಡೀ ತಿರುಗಿದ್ದೆನೆಂಬುದು ಹೀಗೆ ಊರ ಕಟ್ಟೆಯ ಮುಂದೆ ಬಯಲಾಯಿತು. ಹುಡುಗನು ಮೊದಲ ಸಲ ನಕ್ಕನು.

ಹಬ್ಬ ಮುಗಿದ ಮೇಲೆ ಹುಬ್ಬಳ್ಳಿಯಿಂದ ತಯಾರಕರದೇ ನಮೂನೆಯ ಶಾಕ್ ಅಬ್ಸಾರ್ಬರುಗಳು ಬಂದವು. ಒಂದು ಕೆಟ್ಟರೂ ಜೊತೆಯನ್ನೇ ಬದಲಿಸಬೇಕಾದ್ದರಿಂದ ನಾಲ್ಕನ್ನೂ ತರಿಸಿದೆವು. ಹಿಂದಿನ ಸ್ಪ್ರಿಂಗುಗಳು ಬೇರೆಯಾಗಿಯೇ ಕೂಡ್ರುವುದರಿಂದ ಆ ಕೆಲಸ ಅಂಗಳದಲ್ಲಿಯೇ ಆಯಿತು. ಮುಂದಿನ ಹಳೆಯ ಸ್ಟ್ರಟ್ಟುಗಳನ್ನು ಬಿಚ್ಚಿ ಹೊಸದರಲ್ಲಿ ಸ್ಪ್ರಿಂಗು ಕೂಡಿಸಲು, ಸಾಧನವಿದ್ದ ಹಾವೇರಿಯ ಗ್ಯಾರೇಜಿಗೆ ಕೊಟ್ಟೆವು. ರಬ್ಬರು ಬುಶ್ಶುಗಳ ಬೋಲ್ಟುಗಳನ್ನು ಕಾರು ಗಾಲಿಗಳ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿಮಾಡಿದೆವು. ತೂಗಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಲಿಗಳ ನೇರವನ್ನು ಯಂತ್ರದಲ್ಲಿ ಪರೀಕ್ಷಿಸಿಕೊಂಡು, ಚೀಟಿಯಲ್ಲಿದ್ದಷ್ಟೇ ಗಾಳಿ ಹಾಕಿಸಿ, ಒಂದು ವಾರದ ನಂತರ ಎಲ್ಲ ಬೋಲ್ಟುಗಳಿಗೂ ಇನ್ನೊಮ್ಮೆ ಪಾನಾ ಹಚ್ಚಿ ನೋಡಿದೆವು.

ಅದರ ಮುಂದಿನ ಭೇಟಿಗೆ ಹುಡುಗನೇ ಕಾರು ನಡೆಸಿದನು. ಶಿಗ್ಗಾಂವಿ ದಾಟುವ ಹೊತ್ತಿಗೆ ಹಿಂದಿನಿಂದ ಗೊರಕೆ ಕೇಳಿಸಿತು. ಅವನು ನನ್ನ ಕಡೆಗೆ ನೋಡಿದನು. ನಾನು ಬಾಯಮೇಲೆ ಬೆರಳಿಟ್ಟೆನು.

ಮೊಮ್ಮಗನ ಸಸ್ಪೆನ್ಶನ್ ರದ್ದಾಯಿತೆಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಪೆಟ್ಟಿಗೆಯನ್ನು ಬೆಳಗಾವಿಯ ಒಬ್ಬ ವಿದ್ಯಾರ್ಥಿ ಸ್ವಲ್ಪ ಕಡಿಮೆ ಬೆಲೆಗೆ ಕೊಂಡಿದ್ದಾನೆ. ಕೊರತೆ ಬಿದ್ದ ಹಣವನ್ನು ಪೆಟ್ರೋಲಿನ ಉಳಿತಾಯದ ಪ್ರಾಯಶ್ಚಿತ್ತವೆಂದು ನಾನು ಕೊಟ್ಟಿದ್ದೇನೆ. ಭಾವನವರಿಗೆ ಇದಾವುದೂ ತಿಳಿಯದು. ಅವರು ಈ ವಾರಪತ್ರಿಕೆಯಲ್ಲಿ ಧಾರಾವಾಹಿಯನ್ನು ಮಾತ್ರ ಓದುತ್ತಾರೆಂದು ಅಕ್ಕ ಹೇಳಿದ ಮೇಲೆಯೇ ಇದನ್ನು ಅಚ್ಚಿಗೆ ಕಳಿಸುವ ಧೈರ್ಯ ಮಾಡಿದ್ದೇನೆ.