ಹಳಿ ದಾಟಿದವನ ಮೇಲೆ ಕೇಸು

ರೈಲು ಹಳಿ ದಾಟುವಾಗ ಸಿಕ್ಕಿಬಿದ್ದು ಕೋರ್ಟಿನ ಮೆಟ್ಟಲು ಹತ್ತಿ ಬಂದವರು ಮುಂಬಯಿಯ ನಮ್ಮ ಜನರಲ್ಲಿ ಕಡಿಮೆಯೇನಿಲ್ಲ. ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ. ಊರಿಗೆ ತಿಳಿದರೆ ಮಾನ ಹೋದೀತು, ಹೋಟೆಲಿನ ಧಣಿಗಳಿಗೆ ತಿಳಿದರೆ ಕೆಲಸ ಹೋದೀತು ಎಂಬ ಅಂಜಿಕೆ. ಈ ಅಂಜಿಕೆಯಿಂದಲೇ ಹೊಟ್ಟೆ ಹೊರೆದುಕೊಳ್ಳುವ ಮಂದಿಯೂ ಇದ್ದಾರೆ. ಆದುದರಿಂದ ಈ ಸಂಗತಿಯನ್ನು ಬಿಚ್ಚಿ ಬರೆಯಬೇಕಾಗಿ ಬಂದಿದೆ.

ಮೊದಲು ಕಾನೂನು. 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನ ಪ್ರಕಾರ ಅನುಮತಿಯಿಲ್ಲದೆ ರೈಲ್ವೆಯ ಜಾಗಕ್ಕೆ ಕಾಲಿಟ್ಟವನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಿಶೇಷ ಕಾರಣವಿಲ್ಲದೆ 500 ರೂಪಾಯಿಗಿಂತ ಕಡಿಮೆ ಮಾಡಬಾರದೆಂದೂ ಅದರಲ್ಲಿದೆ. ವಾರಂಟಿಲ್ಲದೆ ಹಿಡಿಯುವ ಅಧಿಕಾರ 2003ರ ತಿದ್ದುಪಡಿಯಿಂದ ರೈಲ್ವೆ ಸುರಕ್ಷಾ ದಳದ ಅಧಿಕಾರಿಗಳಿಗೂ ಬಂತು. ಆರು ತಿಂಗಳು ಎಂಬ ಮಾತು ಕೇಳಿಯೇ ನಮ್ಮ ಹುಡುಗರ ಕೈಕಾಲು ತಣ್ಣಗಾಗುತ್ತದೆ. ಆದರೆ ಇದು ಜಾಮೀನು ಸಿಗುವ ಅಪರಾಧ. ಹಿಡಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ದಂಡ ಎಷ್ಟೆಂದು ಹೇಳುವವರು ಅವರೇ ಹೊರತು ಪ್ಲಾಟ್‌ಫಾರಮಿನ ಮೇಲೆ ನಿಂತ ಇನ್ನಾರೂ ಅಲ್ಲ.

ಇದನ್ನು ಒತ್ತಿ ಹೇಳಲು ಕಾರಣವುಂಟು. ನಮ್ಮ ಸಂಘದ ಸದಸ್ಯನೊಬ್ಬ, ಬಸಿ ತೊಳೆಯುವ ಕೆಲಸದವನು, ಹೀಗೇ ಸಿಕ್ಕಿಬಿದ್ದ. ಜಾಮೀನಿನ ಮೇಲೆ ಹೊರಬಂದು ಕೋರ್ಟಿನ ತಾರೀಖು ಕಾಯುತ್ತಿದ್ದಾಗ ಒಬ್ಬ ಮಹಾಶಯ 'ನಾನು ಎಲ್ಲ ಮುಗಿಸಿಕೊಡುತ್ತೇನೆ' ಎಂದು 1200 ರೂಪಾಯಿ ಇಸಕೊಂಡ. ರಸೀದಿಯಿಲ್ಲ. ಹುಡುಗ ನಿಶ್ಚಿಂತೆಯಾಗಿ ತಾರೀಖಿಗೆ ಹೋಗಲಿಲ್ಲ; ವಾರಂಟು ಬಂತು. ಕೊನೆಗೆ ಕೋರ್ಟಿನಲ್ಲಿ ಕಟ್ಟಿದ್ದು 500. ಮೊದಲೇ ನೆಟ್ಟಗೆ ಹೋಗಿದ್ದರೆ ಇಷ್ಟರಲ್ಲೇ ಮುಗಿಯುತ್ತಿತ್ತು.

ಸಿಕ್ಕಿಬಿದ್ದರೆ ಓಡಬೇಡಿ. ತಪ್ಪಿಸಿಕೊಳ್ಳಲು ಪಕ್ಕದ ಹಳಿಗೆ ಹಾರಿದವನಿಗೆ ಎದುರು ದಿಕ್ಕಿನ ಗಾಡಿ ಕಾಣುವುದಿಲ್ಲ. ನಿಜವಾದ ಹೆಸರು, ವಿಳಾಸ ಕೊಡಿ. ಮನೆಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕೆಂದು ಕೇಳಿ. ಅದು ನಿಮ್ಮ ಹಕ್ಕು. ಕಾಗದ ಮರಾಠಿಯಲ್ಲೋ ಹಿಂದಿಯಲ್ಲೋ ಇದ್ದರೆ ಓದಿ ಹೇಳಿಸಿಕೊಳ್ಳದೆ ರುಜು ಹಾಕಬೇಡಿ. ಕೋರ್ಟಿನಲ್ಲಿ 'ಗುನ್ಹಾ ಕಬೂಲ್?' ಎಂದು ಕೇಳುತ್ತಾರೆ. ತಪ್ಪು ಒಪ್ಪುತ್ತೀಯಾ ಎಂದು ಅರ್ಥ. ನಮ್ಮವರು ಪ್ರಶ್ನೆ ಮುಗಿಯುವ ಮೊದಲೇ ತಲೆಯಾಡಿಸಿಬಿಡುತ್ತಾರೆ. ದಾಟಿದ್ದು ನಿಜವಾದರೆ ಒಪ್ಪಿ ದಂಡ ಕಟ್ಟಿ, ರಸೀದಿ ಜೋಪಾನ ಮಾಡಿ. ದಾಟಿಲ್ಲವಾದರೆ ಒಪ್ಪಬೇಡಿ, ವಕೀಲರನ್ನು ಕೇಳಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಬಂಧನದಲ್ಲಿರುವವನಿಗೂ ಕಾರ್ಖಾನೆಯ ಕಾರ್ಮಿಕನಿಗೂ ಪುಕ್ಕಟೆ ವಕೀಲರು ಸಿಗಬೇಕು. ಇದು ಯಾರೂ ಹಾಕುವ ಭಿಕ್ಷೆಯಲ್ಲ.

ಇನ್ನು ದಂಡಕ್ಕಿಂತ ದೊಡ್ಡ ಮಾತು. ಅನಿಲ್ ಕಾಕೋಡ್ಕರ್ ಅವರ ಸುರಕ್ಷತಾ ಸಮಿತಿ 2012ರಲ್ಲಿ ವರದಿ ಕೊಟ್ಟಾಗ, ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಮಂದಿ ಹಳಿಯ ಮೇಲೆ ಸಾಯುತ್ತಾರೆ, ಅವರಲ್ಲಿ ಸುಮಾರು 6,000 ಮಂದಿ ಮುಂಬಯಿಯ ಲೋಕಲ್ ಮಾರ್ಗಗಳಲ್ಲೇ ಎಂದಿತು. ಅದನ್ನು ಕಗ್ಗೊಲೆಯೆಂದೇ ಕರೆಯಿತು. ಹೀಗೆ ಸತ್ತವನ ಮನೆಗೆ ರೈಲ್ವೆಯಿಂದ ಪರಿಹಾರವಿಲ್ಲ, ಅವನು ಅತಿಕ್ರಮಿ. ಆದರೆ ಟಿಕೇಟೋ ಪಾಸೋ ಇದ್ದು, ನೂಕುನುಗ್ಗಲಿನಲ್ಲಿ ಓಡುವ ಗಾಡಿಯಿಂದ ಬಿದ್ದು ಸತ್ತವನ ಮನೆಯವರಿಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿನಿಂದ ಪರಿಹಾರ ಬರುತ್ತದೆ. 2017ರಿಂದ ಅದು ಎಂಟು ಲಕ್ಷ ರೂಪಾಯಿ. ಆದುದರಿಂದ ಪಂಚನಾಮೆಯಲ್ಲಿ 'ಹಳಿ ದಾಟುತ್ತಿದ್ದ' ಎಂದು ಬರೆದರೋ 'ಗಾಡಿಯಿಂದ ಬಿದ್ದ' ಎಂದು ಬರೆದರೋ ಎಂಬುದರ ಮೇಲೆ ಒಂದು ಮನೆಯ ಮಕ್ಕಳ ಅನ್ನ ನಿಂತಿರುತ್ತದೆ. ಊರಿನಿಂದ ಬಂದ ವೃದ್ಧ ತಂದೆಗೆ ಇದು ಹೇಗೆ ತಿಳಿಯಬೇಕು? ಪ್ರತಿ ಕೇಳಿ ಓದಿಸಿರಿ, ಸುಳ್ಳಾಗಿದ್ದರೆ ಲಿಖಿತ ತಕರಾರು ಕೊಡಿ. ಟಿಕೇಟು ಹೆಣದ ಮೇಲೆ ಸಿಗಲಿಲ್ಲವೆಂಬುದೊಂದೇ ಕಾರಣದಿಂದ ಅರ್ಜಿ ಬೀಳುವುದಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಅರ್ಜಿಗೆ ವಾಯಿದೆ ಒಂದು ವರ್ಷ.

ನಮ್ಮವರು ಹಳಿ ದಾಟುವುದು ಮೋಜಿಗಲ್ಲ. ರಾತ್ರಿ ಗಲ್ಲಾ ಮುಚ್ಚಿ, ಮೇಜು ಒರಸಿ, ಪಾತ್ರೆ ಕವುಚಿ ಹೊರಬೀಳುವಾಗ ಕೊನೆಯ ಲೋಕಲಿಗೆ ನಾಲ್ಕು ನಿಮಿಷ. ಬ್ರಿಜ್ಜು ಸ್ಟೇಷನ್ನಿನ ಆಚೆ ತುದಿಗೆ. ಹದಿನಾಲ್ಕು ತಾಸು ನಿಂತ ಕಾಲಿಗೆ ಆ ಮೆಟ್ಟಲುಗಳು ಬೆಟ್ಟವಾಗುತ್ತವೆ. ಹೋಟೆಲ್ ಧಣಿಗಳಲ್ಲಿ ನಮ್ಮ ಒಂದು ಬಿನ್ನಹವಿದೆ: ದೂರದಿಂದ ಬರುವ ಹುಡುಗರನ್ನು ಹದಿನೈದು ನಿಮಿಷ ಮೊದಲು ಬಿಡಿ. ಕೋರ್ಟಿನ ತಾರೀಖಿದ್ದ ದಿನ ರಜೆ ಕೊಡಿ, ಕೆಲಸದಿಂದ ತೆಗೆಯಬೇಡಿ.

ರೈಲ್ವೆಯವರಿಗೂ ಒಂದು ಮಾತು. ಪರೇಲಿನ ಮಿಲ್ಲುಗಳು ಹೋಗಿ ಅಲ್ಲಿ ಆಫೀಸುಗಳೆದ್ದವು, ಜನ ಇಮ್ಮಡಿಸಿತು, ಎಲ್ಫಿನ್‌ಸ್ಟನ್ ರೋಡಿನ ಬ್ರಿಜ್ಜು ಮಾತ್ರ ಇದ್ದಷ್ಟೇ ಇತ್ತು. 2017ರ ಸೆಪ್ಟೆಂಬರ್ 29ರಂದು ಅದರ ಮೇಲೆಯೇ ತುಳಿತಕ್ಕೆ ಸಿಕ್ಕಿ 23 ಮಂದಿ ಸತ್ತರು. ಅವರಾರೂ ಹಳಿ ದಾಟಿದವರಲ್ಲ. ಆಮೇಲೆ ಸೈನ್ಯದವರು ಬಂದು ಕಟ್ಟಿದ ಹೊಸ ಬ್ರಿಜ್ಜು 2018ರ ಫೆಬ್ರವರಿಯಲ್ಲೇ ತೆರೆಯಿತು. ಐದು ತಿಂಗಳಲ್ಲಿ ಆಗುವ ಕೆಲಸಕ್ಕೆ 23 ಹೆಣ ಬೀಳಬೇಕಿತ್ತೇ?

ಎಲ್ಲೆಲ್ಲಿ ಬ್ರಿಜ್ಜಿಲ್ಲದೆ ನಮ್ಮವರು ಹಳಿ ದಾಟುತ್ತಾರೆಂಬ ಪಟ್ಟಿಯನ್ನು ಸಂಘ ತಯಾರಿಸುತ್ತಿದೆ. ಅದನ್ನು ಮಧ್ಯ ಮತ್ತು ಪಶ್ಚಿಮ ರೈಲ್ವೆಯ ಅಧಿಕಾರಿಗಳಿಗೆ ಒಪ್ಪಿಸುತ್ತೇವೆ. ಸದಸ್ಯರು ತಮ್ಮ ಸ್ಟೇಷನ್ನಿನ ಹೆಸರು, ಜಾಗ, ದಾಟುವ ಹೊತ್ತು ಬರೆದು ಕೊಡಿ. ಬರೆಯಲು ಬಾರದವರು ಬಂದು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ಕೇಸಿನ ಕಾಗದ ಕೈಯಲ್ಲಿದ್ದವರು ಅದನ್ನೂ ತನ್ನಿ. ಕೋರ್ಟಿನ ತಾರೀಖಿಗೆ ಸಂಘದವರೊಬ್ಬರು ಜೊತೆಗೆ ಬರುತ್ತಾರೆ.