ನೋವು ನಿಂತರೂ ನೇಮ ನಿಲ್ಲದಿರಲಿ



ಅಂಕೋಲೆಯ ಕೇಣಿಯಂತಹ ಕಡಲತೀರದಲ್ಲಿ ಯಾರದಾದರೂ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡು ನಡುರಾತ್ರಿ ನರಳುವಂತಾದರೆ, "ಮೀನು, ಸಿಗಡಿ ತಿಂದದ್ದರ ಫಲ" ಎಂದುಬಿಡುವುದು ಸುಲಭ. ಶಾಕಾಹಾರಿಗಳಾದ ನಮ್ಮ ಮನೆಗಳಿಗೆ ಈ ವ್ಯಾಧಿ ಬಾರದೆಂದು ನಂಬಿರುವವರೂ ಉಂಟು. ಅದು ಸರಿಯಲ್ಲ. ಗೌಟ್ ಎಂಬ ಈ ಕೀಲುಬೇನೆಗೆ ಮೂಲ ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಮ್ಲ. ಅದರ ಬಹುಭಾಗ ದೇಹದಲ್ಲಿಯೇ ಉತ್ಪತ್ತಿಯಾಗುತ್ತದೆ. ಮೂತ್ರಪಿಂಡಗಳು ಅದನ್ನು ಸಾಕಷ್ಟು ಹೊರಹಾಕದಿದ್ದಾಗ ಕೀಲುಗಳಲ್ಲಿ ಹರಳುಗಟ್ಟುತ್ತದೆ. ಆದ್ದರಿಂದ ಪಥ್ಯವೊಂದೇ ಬಹುಮಂದಿಗೆ ಸಾಲದು.

ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಕಂಡವರಿಗೆ ಇದು ಬೇಗ ತಿಳಿದೀತು. ಬಿಸಿಲಿಗೆ ನೀರು ಇಂಗಿದಂತೆ ಉಪ್ಪು ಹರಳಾಗುತ್ತದೆ; ಮಳೆನೀರು ಬಿದ್ದರೆ ಕರಗುತ್ತದೆ. ರಕ್ತದ ಯೂರಿಕ್ ಆಮ್ಲ ತಗ್ಗಿದರೆ ಕೀಲಿನ ಹರಳೂ ಕರಗುತ್ತದೆ. ಆದರೆ ಅದಕ್ಕೆ ತಿಂಗಳುಗಳೇನು, ವರ್ಷಗಳೇ ಬೇಕಾಗಬಹುದು.

ನೋವಿನ ಗುಳಿಗೆ ಉರಿಯನ್ನಷ್ಟೇ ಆರಿಸುತ್ತದೆ. ಹರಳನ್ನು ಕರಗಿಸಲು ಅಲೊಪ್ಯೂರಿನಾಲ್‌ನಂತಹ ಔಷಧ ದಿನವೂ ಬೇಕು. ವೈದ್ಯರು ಅಲ್ಪ ಪ್ರಮಾಣದಿಂದ ಆರಂಭಿಸಿ, ರಕ್ತಪರೀಕ್ಷೆ ಮಾಡಿಸುತ್ತ, ಯೂರಿಕ್ ಆಮ್ಲ ಡೆಸಿಲೀಟರಿಗೆ 6 ಮಿಲಿಗ್ರಾಂಗಿಂತ ಕೆಳಗಿಳಿಯುವವರೆಗೆ ಹೆಚ್ಚಿಸುತ್ತಾರೆ. ಮೊದಲ ಕೆಲವು ತಿಂಗಳು ನೋವು ಮರುಕಳಿಸುವುದುಂಟು. "ಮಾತ್ರೆಯೇ ನೋವು ತಂದಿತು" ಎಂದು ಆಗ ಬಿಡುವವರು ಕೆಲವರು. ನೋವು ನಿಂತಿತೆಂದು ಬಿಡುವವರು ಹಲವರು. ಇಬ್ಬರಲ್ಲಿಯೂ ಹರಳು ಮತ್ತೆ ಬೆಳೆಯುತ್ತದೆ. ಕ್ರಮೇಣ ಕೀಲುಗಳು ಸವೆದು ವಿಕಾರಗೊಳ್ಳುತ್ತವೆ. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಬಹುದು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 517 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಾದಿಯರು ರೋಗದ ಸ್ವರೂಪವನ್ನು ಬಿಡಿಸಿ ಹೇಳಿ, ಸಂದೇಹಗಳಿಗೆ ಕಿವಿಗೊಟ್ಟು, ಔಷಧವನ್ನು ಕ್ರಮವಾಗಿ ಹೆಚ್ಚಿಸುತ್ತ ಬಂದವರಲ್ಲಿ, ಎರಡು ವರ್ಷಗಳ ಬಳಿಕ ಶೇಕಡಾ 95ರಷ್ಟು ಮಂದಿ ಆ ಗುರಿಯನ್ನು ಮುಟ್ಟಿದ್ದರು. ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಮುಟ್ಟಿದವರು ಶೇಕಡಾ 30 ಮಾತ್ರ. ತಿಳಿವಳಿಕೆಯೂ ಅನುಸರಣೆಯೂ ಔಷಧದಷ್ಟೇ ಮುಖ್ಯವೆಂದಾಯಿತು.

ಈ ಕಾರ್ಯವನ್ನು ಮನೆಯವರೂ ಮಾಡಬಲ್ಲರು. ಬೆಳಗಿನ ಇಷ್ಟಲಿಂಗ ಪೂಜೆಯನ್ನು ನಾವು ತಪ್ಪಿಸುವುದಿಲ್ಲ. ಪೂಜೆಯಾಗಿ ಪ್ರಸಾದ ಸ್ವೀಕರಿಸಿದೊಡನೆ ಮಾತ್ರೆ ಎಂಬ ನೇಮವಿರಲಿ. ಮರೆಯುವ ಮಾತೇ ಬಾರದು. ಹಿರಿಯರನ್ನು ಗದರಿಸದೆ, "ಅಪ್ಪಾಜಿ, ಇದು ನೋವಿಗಲ್ಲ, ಹರಳಿಗೆ" ಎಂದು ತಿಳಿಹೇಳಿರಿ. ಮಾತ್ರೆ ಮುಗಿಯುವ ಮುನ್ನವೇ ತಂದಿಡಿರಿ. ಸೇವಿಸುತ್ತಿರುವ ಇತರ ಔಷಧಗಳನ್ನೂ ಮೂತ್ರಪಿಂಡದ ತೊಂದರೆಯನ್ನೂ ವೈದ್ಯರಿಗೆ ತಿಳಿಸಿರಿ. ಒಂದು ಎಚ್ಚರ: ಮೈಮೇಲೆ ದದ್ದು ಎದ್ದರೆ ಅಲೊಪ್ಯೂರಿನಾಲನ್ನು ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಉಳಿದಂತೆ ಅವರನ್ನು ಕೇಳದೆ ಬಿಡಲಾಗದು.

ಕಾಯಕಕ್ಕೆ ಕಾಲು ಬೇಕು. ಅದನ್ನು ಉಳಿಸಿಕೊಳ್ಳುವ ಈ ನಿತ್ಯನೇಮವೂ ಶರಣರಿಗೆ ಸಲ್ಲುವ ವ್ರತವೇ ಸರಿ.