ಸರ್ವರ್ ಡೌನ್ ಅಲ್ಲ, ಚಿಕ್ಕಪ್ಪ

ಸಾಫ್ಟ್‌ವೇರ್ ಕೆಲಸದಲ್ಲಿರುವವರು ಊರಿಗೆ ಹೋದರೆ ಏನಾಗುತ್ತೆ ಅಂತ ನಿಮಗೂ ಗೊತ್ತಿರುತ್ತೆ. ಚಹಾ ಲೋಟ ಕೈಗೆ ಬರೋ ಮೊದಲೇ ಯಾರದೋ ಪ್ರಿಂಟರ್, ಯಾರದೋ ಮೊಬೈಲು, ಯಾರದೋ ಟಿವಿ ರಿಮೋಟು ಮುಂದೆ ಬಂದು ಕೂತಿರುತ್ತವೆ. "ನಾನು ಮಾಡೋದು ಟೆಸ್ಟಿಂಗು, ರಿಪೇರಿ ಅಲ್ಲ" ಅಂತ ಹೇಳಿ ನೋಡಿ. ಒಬ್ಬರೂ ನಂಬಲ್ಲ.

ಕಳೆದ ಸಲ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಳ್ಳಾರಿಗೆ ಬಂದಿಳಿದು, ಬಸ್ ಹಿಡಿದು ಕುಡತಿನಿಗೆ ಬಂದೆ. ಹೊರಗಿನವರಿಗೆ ನಮ್ಮೂರು ಅಂದರೆ 1,700 ಮೆಗಾವಾಟ್‌ನ ಬಿಟಿಪಿಎಸ್, ಇತಿಹಾಸ ಓದಿದವರಿಗೆ ನವಶಿಲಾಯುಗದ ಬೂದಿದಿಬ್ಬ. ನಮ್ಮ ಸುತ್ತಲಿನ ಹಳ್ಳಿಯವರಿಗೆ ಮಾತ್ರ ಕುಡತಿನಿ ಅಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಅಂಗಡಿಗಳು. ಅದರಲ್ಲಿ ಒಂದು ನಮ್ಮ ಚಿಕ್ಕಪ್ಪನದು. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್, ಬೆರಳು ಒತ್ತಿಸಿಕೊಳ್ಳುವ ಪುಟ್ಟ ಡಬ್ಬಿ, ಹೊರಗೆ ಒಂದು ಬೆಂಚು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ, ಮಕ್ಕಳ ಸ್ಕಾಲರ್‌ಶಿಪ್ ಎಲ್ಲ ಆ ಒಂದು ಕಂಪ್ಯೂಟರಿನ ಮೇಲೆ.

ನಾನು ಹೋದಾಗ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಚಿಕ್ಕಪ್ಪನ ಮುಖ ಬಾಡಿತ್ತು.

"ಮೂರು ದಿನ ಆತವ್ವಾ, ಸರ್ವರ್ ಡೌನು. ಜನ ನನ್ನ ಮುಖದ ಮೇಲೆ ಬೈದು ಹೋಗ್ತಾರೆ."

ಮೇಜಿನ ಮೇಲೆ ನೋಟ್‌ಬುಕ್ ಇತ್ತು. ವಾಪಸ್ ಕಳಿಸಿದವರ ಹೆಸರು, ಫೋನ್ ನಂಬರ್ ಬರೆದಿಟ್ಟಿದ್ದ. ಹನ್ನೊಂದು ಹೆಸರು. ಸರ್ವರ್ ಬಂದ ಕೂಡಲೇ ಫೋನ್ ಮಾಡ್ತೀನಿ ಅಂತ ಎಲ್ಲರಿಗೂ ಹೇಳಿದ್ದನಂತೆ. "ಸರ್ವರ್ ಡೌನ್" ಅನ್ನೋದು ನಮ್ಮ ಕಡೆ ಮಳೆ ಬರಲಿಲ್ಲ ಅಂದಹಾಗೆ. ಯಾರನ್ನೂ ಕೇಳೋ ಹಾಗಿಲ್ಲ, ಯಾರದೂ ತಪ್ಪಲ್ಲ, ಎದ್ದು ಮನೆಗೆ ಹೋಗಬೇಕು ಅಷ್ಟೇ. ಹೋದವರ ಅವತ್ತಿನ ಕೂಲಿ, ಬಸ್ ಚಾರ್ಜು ಯಾವ ಲೆಕ್ಕಕ್ಕೂ ಬರಲ್ಲ.

ಬೆಂಚಿನ ಮೇಲೆ ವೇಣಿವೀರಾಪುರದಿಂದ ಬಂದ ಅಜ್ಜಿ, ಜೊತೆಗೆ ಪಿಯುಸಿ ಓದುವ ಮೊಮ್ಮಗಳು. ಮೂರನೇ ಸಲ ಬಂದಿದ್ದರು. ಸ್ಕಾಲರ್‌ಶಿಪ್ ಅರ್ಜಿಗೆ ಮರುದಿನವೇ ಕೊನೇ ದಿನ. ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ನನ್ನ ಫೋನ್ನಾಗೆ ಆ ಪೇಜು ಬರ್ತೈತಿ" ಅಂದಳು.

ಚಿಕ್ಕಪ್ಪ ಅಲ್ಲಿಂದಲೇ, "ಮೊನ್ನೆನೂ ಇದನ್ನೇ ಹೇಳಿದ್ಲು. ಫೋನ್ನಾಗೆ ಬರೋದು ಬೇರೆ, ಸಿಸ್ಟಮ್ನಾಗೆ ಬರೋದು ಬೇರೆ" ಅಂದ.

ನಿಜ ಹೇಳಬೇಕಂದರೆ, ಆ ಹುಡುಗಿ ಹೇಳಿದ ಒಂದು ಮಾತಿನಲ್ಲೇ ಅರ್ಧ ರೋಗ ಪತ್ತೆಯಾಗಿತ್ತು. ಫೋನಿನಲ್ಲಿ ತೆರೆಯುವ ಸೈಟು ಸತ್ತಿಲ್ಲ. ಆದರೆ ಒಂದು ಅನುಮಾನ ಉಳಿಯುತ್ತೆ. ಅವಳ ಫೋನು ಅವಳದೇ ಮೊಬೈಲ್ ಡೇಟಾದಲ್ಲಿ ಓಡುತ್ತಿದೆ, ಅಂಗಡಿಯ ಕಂಪ್ಯೂಟರ್ ಅಂಗಡಿಯ ಇಂಟರ್‌ನೆಟ್‌ನಲ್ಲಿ. ದಾರಿಯೇ ಬೇರೆ. ಹಾಗಾಗಿ ಅವಳ ಮೊಬೈಲ್ ಡೇಟಾ ಆಫ್ ಮಾಡಿಸಿ, ಅಂಗಡಿಯ ವೈಫೈಗೆ ಸೇರಿಸಿ, ಮತ್ತೆ ತೆರೆಯೋಕೆ ಹೇಳಿದೆ. ತೆರೆಯಿತು. ನನ್ನ ಲ್ಯಾಪ್‌ಟಾಪ್ ತೆಗೆದು ಅದೇ ವೈಫೈಯಲ್ಲಿ ನೋಡಿದೆ. ಅದರಲ್ಲೂ ತೆರೆಯಿತು. ಅಲ್ಲಿಗೆ ಸರ್ವರ್, ಲೈನು, ರೂಟರ್ ಮೂರೂ ಬಚಾವ್. ಉಳಿದಿದ್ದು ಮೇಜಿನ ಮೇಲಿನ ಆ ಡಬ್ಬ ಒಂದೇ.

ಈ ಪರೀಕ್ಷೆಗೆ ಎರಡು ನಿಮಿಷ ಸಾಕು, ಆದರೂ ನಾವ್ಯಾರೂ ಮಾಡಲ್ಲ. ನಾನೇ ಮಾಡಿರಲಿಲ್ಲ. ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ ಒಮ್ಮೆ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸೈಟೂ ತೆರೆಯದೆ, ಇಂಟರ್‌ನೆಟ್ ಕಂಪನಿಯ ಕಸ್ಟಮರ್ ಕೇರ್ ಹುಡುಗನ ಮೇಲೆ ನಲವತ್ತು ನಿಮಿಷ ಕೂಗಾಡಿದ್ದೆ. ಅಮ್ಮ ಪಕ್ಕದ ಕೋಣೆಯಲ್ಲಿ ಅದೇ ವೈಫೈಯಲ್ಲಿ ಧಾರಾವಾಹಿ ನೋಡ್ತಾ ಇದ್ದಳು! ಆಫೀಸಿನಲ್ಲಿ ಹಾಕಿದ್ದ ಪ್ರಾಕ್ಸಿ ಸೆಟ್ಟಿಂಗ್ ನಾನು ಆಫ್ ಮಾಡಿರಲಿಲ್ಲ, ಅಷ್ಟೇ ಕಾರಣ. ಆ ಹುಡುಗನಿಗೆ ಸಾರಿ ಹೇಳೋಕೂ ಆಗಲಿಲ್ಲ.

ಚಿಕ್ಕಪ್ಪ ಸುಮ್ಮನೆ ಕೂತಿರಲಿಲ್ಲ ಅನ್ನಿ. ರೂಟರ್ ಹತ್ತು ಸಲ ಆಫ್ ಮಾಡಿ ಆನ್ ಮಾಡಿದ್ದ. ಹೊಸ ಬ್ರೌಸರ್ ಹಾಕಿದ್ದ. ಯಾರನ್ನೋ ಕರೆಸಿದ್ದಕ್ಕೆ ಆ ಪುಣ್ಯಾತ್ಮ ನೋಡದೆಯೇ "ಫಾರ್ಮ್ಯಾಟ್ ಹೊಡೀಬೇಕು" ಅಂದಿದ್ದನಂತೆ. ಫಾರ್ಮ್ಯಾಟ್ ಮಾಡಿದ್ದರೆ ಬೆರಳಿನ ಡಬ್ಬಿಯ ಡ್ರೈವರ್, ಪ್ರಿಂಟರ್, ನುಡಿ, ಫಾಂಟುಗಳು ಎಲ್ಲ ಹೋಗಿ ಇನ್ನೆರಡು ದಿನ ಅಂಗಡಿ ಮುಚ್ಚಬೇಕಿತ್ತು. ಫೋನಿನಲ್ಲೇ ಅರ್ಜಿ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆಪರೇಟರ್ ಲಾಗಿನ್ ಆಗಬೇಕಾದರೆ ಆ ಕಂಪ್ಯೂಟರಿಗೆ ಸಿಕ್ಕಿಸಿದ ಡಬ್ಬಿಯ ಮೇಲೆ ಬೆರಳು ಒತ್ತಲೇಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಡ್ರೈವರ್ ಇಲ್ಲ.

ಸರಿ, ಕುರ್ಚಿ ಎಳೆದುಕೊಂಡು ಕೂತೆ. ಎಲ್ಲ ಸೈಟೂ ಹೀಗೇನಾ, ಇದೊಂದೇನಾ? ಯೂಟ್ಯೂಬ್ ತೆರೆಯಿತು, ರೈಲ್ವೆ ಸೈಟು ತೆರೆಯಿತು. ಇದೊಂದು ಮಾತ್ರ ಗಿರಗಿರ ತಿರುಗಿ ತಿರುಗಿ "ತಲುಪಲಾಗುತ್ತಿಲ್ಲ" ಅಂತ ನಿಲ್ಲುತ್ತಿತ್ತು. ಇನ್‌ಕಾಗ್ನಿಟೋ ಕಿಟಕಿಯಲ್ಲೂ ಅದೇ ಕಥೆ. ಇನ್‌ಕಾಗ್ನಿಟೋದಲ್ಲಿ ತೆರೆದಿದ್ದರೆ ಹಳೇ ಕುಕಿ, ಕ್ಯಾಶ್ ಅಥವಾ ಯಾವುದೋ ಎಕ್ಸ್‌ಟೆನ್ಶನ್ ಮೇಲೆ ಅನುಮಾನ ಪಡಬೇಕಿತ್ತು.

ಗಡಿಯಾರ ನೋಡಿದೆ. ನಗಬೇಡಿ, ಇದು ದೊಡ್ಡ ಕಳ್ಳ. ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತೆ, ಸಿಆರ್ 2032. ಅದು ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಓಡುತ್ತೆ. ಪ್ರತಿ ಸೈಟಿನ ಸುರಕ್ಷತಾ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರೋದರಿಂದ, ದಿನಾಂಕ ತಪ್ಪಿದರೆ ಬ್ರೌಸರ್ ಬಾಗಿಲು ಹಾಕಿಬಿಡುತ್ತೆ. ಆದರೆ ಚಿಕ್ಕಪ್ಪನ ಕಂಪ್ಯೂಟರಿನ ಗಡಿಯಾರ ಸರಿ ಇತ್ತು. ಪ್ರಾಕ್ಸಿ ಆಫ್ ಇತ್ತು, ವಿಪಿಎನ್ ಇರಲಿಲ್ಲ.

ಹಳೇ ವಿಂಡೋಸ್ ಇರಬಹುದಾ ಅಂತ ನೋಡಿದೆ. ವಿಂಡೋಸ್ 7ಕ್ಕೆ ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೇ ನಿಂತುಹೋಯಿತು, ಅದು ಬಂದದ್ದು 2023ರ ಜನವರಿಯಲ್ಲಿ. ಹಾಗೆಯೇ 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್‌ಗಳು ಆಧರಿಸಿದ್ದ ಒಂದು ಮೂಲ ಸರ್ಟಿಫಿಕೇಟ್ ಅವಧಿ ಮುಗಿಯಿತು. ಅವತ್ತು ಅಪ್‌ಡೇಟ್ ಕಾಣದ ಹಳೇ ಕಂಪ್ಯೂಟರ್‌ಗಳಲ್ಲಿ, ಹಳೇ ಐಫೋನ್‌ಗಳಲ್ಲಿ ಎಷ್ಟೋ ಸೈಟುಗಳು ಬಂದ್ ಆದವು, ಪಕ್ಕದ ಹೊಸ ಕಂಪ್ಯೂಟರಿನಲ್ಲಿ ಏನೂ ಆಗಿರಲಿಲ್ಲ. ಇಲ್ಲಿ ಇದ್ದಿದ್ದು ವಿಂಡೋಸ್ 10. ಅದೂ ಕಾರಣವಲ್ಲ.

ಸರ್ಚ್ ಬಾಕ್ಸಿನಲ್ಲಿ ಸಿ-ಎಂ-ಡಿ ಅಂತ ಒತ್ತಿ ಕಪ್ಪು ಕಿಟಕಿ ತೆರೆದೆ. ಅಜ್ಜಿ ಕುತೂಹಲದಿಂದ ಬಗ್ಗಿ ನೋಡಿದಳು. ಪಿಂಗ್ ಅಂತ ಬರೆದು ಆ ಸೈಟಿನ ಹೆಸರು ಹಾಕಿದರೆ, ಕಂಪ್ಯೂಟರ್ ಆ ಹೆಸರನ್ನು ಯಾವ ನಂಬರ್ ಅಂತ ತಿಳಿದುಕೊಂಡಿದೆ ಅನ್ನೋದು ಕಾಣುತ್ತೆ. ಒಂದು ನಂಬರ್ ಬಂತು. ಅದೇ ಕಿಟಕಿಯಲ್ಲಿ ಎನ್‌ಎಸ್‌ಲುಕಪ್ ಅನ್ನೋ ಇನ್ನೊಂದು ಕಮಾಂಡ್ ಕೊಟ್ಟೆ. ಅದು ನೇರವಾಗಿ ಹೊರಗಿನ ಡಿಎನ್‌ಎಸ್ ಸರ್ವರನ್ನೇ ವಿಚಾರಿಸುತ್ತೆ. ಬೇರೆ ನಂಬರ್ ಬಂತು! ನನ್ನ ಲ್ಯಾಪ್‌ಟಾಪಿನಲ್ಲಿ ಪಿಂಗ್ ಮಾಡಿದರೆ ಬಂದದ್ದೂ ಈ ಎರಡನೇ ನಂಬರೇ. ದೊಡ್ಡ ಸೈಟುಗಳಿಗೆ ಹಲವು ನಂಬರ್ ಇರೋದುಂಟು, ಹಾಗಾಗಿ ನಂಬರ್ ಬೇರೆ ಬಂದ ಮಾತ್ರಕ್ಕೆ ತಪ್ಪು ಅನ್ನೋಕಾಗಲ್ಲ. ಆದರೂ ಹೊರಗೆ ಕೇಳಿದರೆ ಒಂದು, ಒಳಗೆ ಕೇಳಿದರೆ ಇನ್ನೊಂದು. ಅಂದರೆ ಈ ಕಂಪ್ಯೂಟರಿನ ಜೇಬಿನಲ್ಲಿ ಯಾರೋ ಚೀಟಿ ಇಟ್ಟಿದ್ದಾರೆ.

ಆ ಚೀಟಿಯ ಹೆಸರು ಹೋಸ್ಟ್ಸ್ ಫೈಲ್. ಸಿ ಡ್ರೈವ್, ವಿಂಡೋಸ್, ಸಿಸ್ಟಂ32, ಡ್ರೈವರ್ಸ್, ಇಟಿಸಿ ಅಂತ ಒಳಗೊಳಗೆ ಹೋದರೆ ಸಿಗುತ್ತೆ. ಇಂಟರ್‌ನೆಟ್‌ನ ಅಜ್ಜಿ ಕಾಲದ ಸಾಮಾನು ಅದು. ಅಮೆರಿಕದ ಆರ್ಪಾನೆಟ್ ಕಾಲದಲ್ಲಿ ಯಾವ ಕಂಪ್ಯೂಟರಿನ ಹೆಸರಿಗೆ ಯಾವ ನಂಬರ್ ಅನ್ನೋದು ಒಂದೇ ಪಟ್ಟಿಯಲ್ಲಿರುತ್ತಿತ್ತು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿದರೆ ಪಟ್ಟಿ ತಿದ್ದಬೇಕು, ಉಳಿದವರು ಹೊಸ ಪಟ್ಟಿ ಇಳಿಸಿಕೊಳ್ಳಬೇಕು. ಕಂಪ್ಯೂಟರ್‌ಗಳು ಹೆಚ್ಚಾದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಈಗ ನಂಬರ್ ಬದಲಾದರೆ ಕೇಳಿದವರಿಗೆಲ್ಲ ಹೊಸ ನಂಬರೇ ಸಿಗುತ್ತೆ. ಆದರೆ ಹಳೇ ಚೀಟಿಯನ್ನು ಯಾರೂ ಕಿತ್ತು ಹಾಕಲಿಲ್ಲ. ಇವತ್ತಿಗೂ ಕಂಪ್ಯೂಟರ್ ಹೊರಗೆ ಕೇಳೋ ಮೊದಲು ಅದನ್ನೇ ನೋಡುತ್ತೆ. ಅದರಲ್ಲಿದ್ದರೆ ಮುಗೀತು, ಬೇರೆ ಯಾರನ್ನೂ ಕೇಳಲ್ಲ.

ನೋಟ್‌ಪ್ಯಾಡಿನಲ್ಲಿ ತೆರೆದೆ. ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲುಗಳು ಬರೀ ಟಿಪ್ಪಣಿ, ಅವಕ್ಕೆ ಲೆಕ್ಕವಿಲ್ಲ. ಕೊನೆಯಲ್ಲಿ ಹ್ಯಾಶ್ ಇಲ್ಲದ ಒಂದೇ ಸಾಲು. ಹಳೇ ನಂಬರ್, ಪಕ್ಕದಲ್ಲಿ ಆ ಸೈಟಿನ ಹೆಸರು.

"ಚಿಕ್ಕಪ್ಪಾ, ಇದನ್ನ ಯಾರು ಬರೆದಿದ್ದು?"

ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿದ. ಸ್ವಲ್ಪ ಹೊತ್ತು ಮಾತೇ ಇಲ್ಲ.

"ನಾನೇ ಕಣವ್ವಾ. ಹೋದ ವರ್ಷ ಸೈಟು ಭಾಳ ಸ್ಲೋ ಇತ್ತು. ನಮ್ಮ ಆಪರೇಟರ್ ಗ್ರೂಪ್ನಾಗೆ ಯಾರೋ ವಾಟ್ಸಾಪ್ ಹಾಕಿದ್ರು, ಈ ಸಾಲು ಸೇರಿಸಿದ್ರೆ ಫಾಸ್ಟ್ ಆಗ್ತೈತಿ ಅಂತ. ಆತು ಕೂಡ. ನಾನೇ ನಾಲ್ಕು ಮಂದಿಗೆ ಹೇಳಿಕೊಟ್ಟೆ."

ಆವಾಗ ಅದು ಕೆಲಸ ಮಾಡಿತ್ತು, ಸುಳ್ಳಲ್ಲ. ಈಗ ಸೈಟು ಬೇರೆ ಸರ್ವರಿಗೆ ಮನೆ ಬದಲಾಯಿಸಿದೆ. ಊರಿಗೆಲ್ಲ ಹೊಸ ವಿಳಾಸ ಸಿಕ್ಕಿದೆ, ಚಿಕ್ಕಪ್ಪನ ಕಂಪ್ಯೂಟರ್ ಮಾತ್ರ ಹಳೇ ಮನೆಯ ಬಾಗಿಲು ಬಡಿಯುತ್ತಾ ನಿಂತಿದೆ. ಇಂಥ ಚೀಟಿ ಇದ್ದಾಗ ಬ್ರೌಸರ್ ಬದಲಿಸಿದರೂ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೂ, ಡಿಎನ್‌ಎಸ್ ಕ್ಯಾಶ್ ತೊಳೆದರೂ ಪ್ರಯೋಜನವಿಲ್ಲ. ವೈರಸ್‌ಗಳೂ ಇದೇ ಜಾಗದಲ್ಲಿ ಕೈಯಾಡಿಸುತ್ತವೆ. ಬ್ಯಾಂಕಿನ ಹೆಸರಿನ ಪಕ್ಕ ತಮ್ಮ ನಂಬರ್ ಬರೆದು ನಿಮ್ಮನ್ನು ನಕಲಿ ಪುಟಕ್ಕೆ ಕರೆದೊಯ್ಯುತ್ತವೆ. ಅಂಥ ಹೊತ್ತಲ್ಲಿ "ಸಂಪರ್ಕ ಸುರಕ್ಷಿತವಲ್ಲ" ಅಂತ ಬ್ರೌಸರ್ ತಡೆದರೆ, ಪರವಾಗಿಲ್ಲ ಅಂತ ಒತ್ತಿ ಮುಂದೆ ಹೋಗಬೇಡಿ.

ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೇನೇ ಆ ಫೈಲ್ ಸೇವ್ ಆಗೋದು. ಆ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿ ಸೇವ್ ಮಾಡಿ, ಬ್ರೌಸರ್ ಮುಚ್ಚಿ ತೆರೆದೆ. ಪುಟ ಬಂತು. ಒಂದೇ ಒಂದು ಅಕ್ಷರದ ಕೆಲಸ.

ಹುಡುಗಿಯ ಅರ್ಜಿ ಇಪ್ಪತ್ತು ನಿಮಿಷದಲ್ಲಿ ಮುಗೀತು. ರಸೀದಿ ಪ್ರಿಂಟ್ ಕೈಗೆ ಬಂದಾಗ ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ಚಿಕ್ಕಪ್ಪ ದುಡ್ಡು ತಗೊಳ್ಳಲಿಲ್ಲ. "ಮೊನ್ನೆನೇ ಹೇಳಿದ್ದೆಲ್ಲವ್ವಾ ನೀನು" ಅಂತ ಹುಡುಗಿಗೆ ಅಂದ, ಅವಳ ಮುಖ ನೋಡದೆ.

ಆಮೇಲೆ ನೋಟ್‌ಬುಕ್ ತೆಗೆದು ಒಬ್ಬೊಬ್ಬರಿಗೇ ಫೋನ್ ಹಚ್ಚಿದ. "ಸರ್ವರ್ ಬಂತಣ್ಣ, ಬರ್ರಿ." "ಸರ್ವರ್ ಸರಿ ಹೋತಮ್ಮ." ನಾನು ಏನೂ ಅನ್ನಲಿಲ್ಲ. ಮೂರು ದಿನ ಬೈಸಿಕೊಂಡವನಿಗೆ ಅಷ್ಟಾದರೂ ಮರೆ ಬೇಕಲ್ಲ ಅನ್ನಿಸಿತು. ಈಗಲೂ ಅದು ಸರಿಯೋ ತಪ್ಪೋ ನನಗೆ ಖಾತ್ರಿಯಿಲ್ಲ.

ಎಂಟನೇ ಹೆಸರಿಗೆ ಬಂದಾಗ ಚಿಕ್ಕಪ್ಪನ ಬೆರಳು ನಿಂತಿತು. ಐಟಿಐ ಮುಗಿಸಿದ ಹುಡುಗ, ಅಪ್ರೆಂಟಿಸ್ ಅರ್ಜಿ. ಪಕ್ಕದಲ್ಲಿ ಕೊನೇ ದಿನಾಂಕವನ್ನೂ ಚಿಕ್ಕಪ್ಪನೇ ಬರೆದುಕೊಂಡಿದ್ದ. ಅದು ಹಿಂದಿನ ದಿನವೇ ಮುಗಿದಿತ್ತು.

ಫೋನ್ ಎತ್ತಿದ್ದು ಹುಡುಗನ ತಾಯಿ. ಸ್ಪೀಕರ್ ಆನ್ ಇತ್ತು.

"ಅಕ್ಕಾರೆ, ಸರ್ವರ್..." ಅಂತ ಶುರು ಮಾಡಿ ಚಿಕ್ಕಪ್ಪ ನಿಲ್ಲಿಸಿದ. "ಸರ್ವರಿಂದಲ್ಲ ಅಕ್ಕಾ. ನಮ್ಮ ಸಿಸ್ಟಮ್ದೇ ತಪ್ಪಿತ್ತು. ನಂದೇ ತಪ್ಪು."

ಆ ಕಡೆ ಕೋಳಿಗಳ ಸದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಆಕೆ ಕೇಳಿದಳು, "ಹಂಗಾದ್ರೆ ಈಗ ಸರಿ ಹೋತೇನಪ್ಪಾ? ಹುಡುಗನ್ನ ಕಳಿಸ್ಲಾ?"